ಡಬ್ಬಿ ಗಾಡಿಯ ನಾಲ್ಕನೇ ಫೋಟೋ

ನಮ್ಮ ಅತ್ತೆ ಬಚ್ಚಲಿನ ಬಾಗಿಲಿಗೆ ಚಿಲಕ ಹಾಕುವುದಿಲ್ಲ. ಒಳಗೆ ಹೋಗಿ, ತುಂಬಿದ ಬಕೆಟ್ಟೊಂದನ್ನು ಬಾಗಿಲಿಗೆ ಒತ್ತರಿಸಿ ಇಡುತ್ತಾರೆ, ಅಷ್ಟೇ. ಹಾಗಾಗಿ ಆ ಮನೆಯಲ್ಲಿ ಬಚ್ಚಲ ಕಡೆ ಹೋಗುವವರು ಯಾರೇ ಆಗಲಿ, ಮೊದಲು ಕೆಮ್ಮಬೇಕು. ನಾನು ಅವರ ಮನೆ ಸೇರಿ ಎರಡು ವರ್ಷವಾಯಿತು. ಕೆಮ್ಮಿ ಕೆಮ್ಮಿ ಈಗ ಆಫೀಸಿನ ಬಾಗಿಲು ತಳ್ಳುವಾಗಲೂ ಕೆಮ್ಮುತ್ತೇನೆ. "ಕಫ ಇದೆಯೇನ್ರೀ?" ಎಂದು ನಮ್ಮ ಮೇಡಂ ಒಮ್ಮೆ ಕೇಳಿದ್ದರು. "ಇಲ್ಲ ಮೇಡಂ, ಸಂಸ್ಕಾರ" ಎಂದಿದ್ದೆ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಅರವತ್ತೆರಡು ವರ್ಷ, ನನ್ನ ಭುಜದಷ್ಟು ಎತ್ತರ. ಮಾವ ಎಂದರೆ ಅವರ ಗಂಡ. ಬಸ್ಸಿಗೆ ಬಾಡಿ ಕಟ್ಟುವ ಕಾರ್ಖಾನೆಯಲ್ಲಿ ನಕ್ಷೆ ಬರೆಯುತ್ತಿದ್ದವರು, ಈಗ ನಿವೃತ್ತರು. ಮನೆ ಎರಡೇ ಕೋಣೆಯದು. ಒಂದರಲ್ಲಿ ಅತ್ತೆಯ ಹೊಲಿಗೆ ಮೆಷಿನ್ನು, ಇನ್ನೊಂದರಲ್ಲಿ ಮಾವನ ಆರಾಮ ಕುರ್ಚಿ. ನನ್ನದು ಅಡುಗೆಮನೆಯ ಮೇಲಿನ ಅಟ್ಟ. ಅಲ್ಲಿ ಮಲಗಬಹುದು, ತೆವಳಬಹುದು, ಭವಿಷ್ಯದ ಬಗ್ಗೆ ಯೋಚಿಸಬಹುದು. ಕೂರುವುದಕ್ಕೆ ಮಾತ್ರ ಆಗುವುದಿಲ್ಲ. ಕೂತರೆ ಚಾವಣಿ ತಲೆಗೆ ಬಡಿದು ನನ್ನ ಸ್ಥಾನ ಯಾವುದೆಂದು ನೆನಪಿಸುತ್ತದೆ.

ಕೆಲಸವೂ ಅದೇ ಅಳತೆಯದು. ಹಳೆಯ ವಾಹನಗಳ ಸಂಗ್ರಹಾಲಯವೊಂದು ಇನ್ನು ನಾಲ್ಕು ತಿಂಗಳಲ್ಲಿ ತೆರೆಯಲಿತ್ತು. ಅಲ್ಲಿ ನಾನು ತಾತ್ಕಾಲಿಕ ಸಹಾಯಕ. ಹಳೆಯ ಫೋಟೋಗಳನ್ನು ಸ್ಕ್ಯಾನ್ ಮಾಡಿ, ಅವುಗಳ ಕೆಳಗೆ ಎರಡು ಸಾಲು ಬರೆಯುವುದು ನನ್ನ ಪಾಲಿನ ಇತಿಹಾಸಸೇವೆ. ಮೆಟ್ಟಿಲ ಕೆಳಗಿನ ಸಂದಿಗೆ ಹಲಗೆ ಹೊಡೆದು ಕೋಣೆ ಎಂದು ಕರೆದಿದ್ದರು. ಸ್ಕ್ಯಾನರಿನ ಮುಚ್ಚಳ ಎತ್ತಿದರೆ ಬಾಗಿಲು ತೆರೆಯುವುದಿಲ್ಲ, ಬಾಗಿಲು ತೆರೆದರೆ ಮುಚ್ಚಳ ಏಳುವುದಿಲ್ಲ. ಬೆಳಿಗ್ಗೆ ಒಳಗೆ ಹೋಗಿ ಮುಚ್ಚಳ ಎತ್ತಿದೆನೆಂದರೆ ಊಟದ ಹೊತ್ತಿನ ತನಕ ಸೆರೆಮನೆ. ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ಹೇಗೂ ಯಾರಾದರೂ ಹೇಳಿಯೇ ಹೇಳುತ್ತಾರೆ: ವಾಹನ ಸಂಗ್ರಹಾಲಯದ ಈ ನೌಕರನಿಗೆ ವಾಹನ ಓಡಿಸಲು ಬರುವುದಿಲ್ಲ. ಪರೀಕ್ಷೆಯಲ್ಲಿ ಎರಡು ಸಲ ಫೇಲು. ಮನೆಮಂದಿಯೆಲ್ಲ ಅದಕ್ಕೂ ಅತ್ತೆಯನ್ನೇ ದೂರಿದರು. "ಅತ್ತೆ ಕಾಲು ಬಂದಿದೆ ಪಾಪ" ಎಂದರು.

ಅತ್ತೆಯ ಕಾಲಿನ ಕತೆಗೆ ಆಮೇಲೆ ಬರುತ್ತೇನೆ. ಮೊದಲು ಲಕೋಟೆಯ ವಿಷಯ.

ತೀರಿಕೊಂಡ ಫೋಟೋಗ್ರಾಫರೊಬ್ಬರ ಸ್ಟುಡಿಯೋ ಖಾಲಿ ಮಾಡಿದಾಗ ಅವರ ಮಗಳು ಮೂರು ರಟ್ಟಿನ ಪೆಟ್ಟಿಗೆ ಕಳಿಸಿದ್ದಳು. ಅದರಲ್ಲಿದ್ದ ಒಂದು ಲಕೋಟೆಯ ಮೇಲೆ "ಗಾಡಿ, 4" ಎಂದಷ್ಟೇ ಬರೆದಿತ್ತು. ಒಳಗೆ ನಾಲ್ಕು ಕಪ್ಪು ಬಿಳುಪು ಫೋಟೋ. ನಾನು ಅಂಥ ಗಾಡಿಯನ್ನು ಯಾವ ಪುಸ್ತಕದಲ್ಲೂ ನೋಡಿರಲಿಲ್ಲ. ಮೂರು ಗಾಲಿ, ಮುಂದೆ ಎರಡು, ಹಿಂದೆ ಒಂದು. ಎತ್ತರ ಮನುಷ್ಯನ ಎದೆಯ ತನಕ. ಪಕ್ಕದಲ್ಲಿ ಬಾಗಿಲೇ ಇಲ್ಲ, ಅಂಗೈಯಗಲದ ಜಾರುಗಾಜಿನ ಕಿಟಕಿ ಮಾತ್ರ. ಬಾಗಿಲು ಇದ್ದದ್ದು ಮೂತಿಯಲ್ಲಿ: ಬೀರುವಿನ ಬಾಗಿಲಿನಂತೆ ಇಡೀ ಮುಖವೇ ತೆರೆದುಕೊಳ್ಳುತ್ತಿತ್ತು. ಮೊದಲ ಮೂರು ಫೋಟೋದಲ್ಲಿ ಮುಖ ಮುಚ್ಚಿತ್ತು. ನಾಲ್ಕನೆಯದರಲ್ಲಿ ತೆರೆದಿತ್ತು, ಒಳಗೆ ಇಬ್ಬರು ಒತ್ತೊತ್ತಾಗಿ ಕೂರುವಂಥ ಒಂದು ಸೀಟು. ಎಲ್ಲ ಫೋಟೋದಲ್ಲೂ ಮುಂದಿನ ಗಾಲಿಯ ಅಡಿಗೆ ಒಂದು ಇಟ್ಟಿಗೆ.

"ಇದು ಏನು, ಯಾರದ್ದು, ಎಲ್ಲಿಗೆ ಹೋಯ್ತು. ಮೂರು ಪ್ರಶ್ನೆ" ಎಂದರು ಮೇಡಂ. "ಗೊತ್ತಾದರೆ ಒಂದು ಗೋಡೆ ಪೂರ್ತಿ ಇದಕ್ಕೆ ಕೊಡ್ತೀನಿ. ಗೊತ್ತಾಗದಿದ್ದರೆ ಪೆಟ್ಟಿಗೆಗೆ ವಾಪಸ್. ಮತ್ತೆ ನಮ್ಮ ನಿಯಮ ಗೊತ್ತಲ್ಲ?"

ಗೊತ್ತಿತ್ತು. ಯಾವ ಗಾಡಿಯ ಬಗ್ಗೆ ಏನು ಬರೆಯುವುದಾದರೂ, ಆ ಗಾಡಿಗೆ ತನ್ನ ಕೈಯಿಟ್ಟು ಕೆಲಸ ಮಾಡಿದ ಒಬ್ಬರ ಸಹಿ ಬೇಕು. ಯಜಮಾನರದ್ದಲ್ಲ, ಪಂಡಿತರದ್ದಲ್ಲ, ಕೈಯಿಟ್ಟವರದ್ದು. ಅದಕ್ಕೊಂದು ಅಚ್ಚಾದ ನಮೂನೆ ಇತ್ತು. ಕೊನೆಯ ಕಲಮು "ವಾಹನದ ಅಂತ್ಯ ಹೇಗಾಯಿತು". ಆ ಕಲಮಿನಲ್ಲಿ ಬರೆದದ್ದು ಹಾಗೇ ಗೋಡೆಗೆ ಹೋಗುತ್ತಿತ್ತು.

ನಾನು ಹನ್ನೆರಡು ದಿನ ತನಿಖೆ ಮಾಡಿದೆ. ಗಾಡಿಯ ಹಣೆಯ ಮೇಲಿದ್ದ ದುಂಡನೆಯ ಗಾಜಿನ ದೀಪದ ಆಧಾರದಿಂದ, ಇದು ಸಮುದ್ರದಾಚೆಯ ಯಾವುದೋ ಸಣ್ಣ ಕಂಪನಿಯ ಪ್ರಯೋಗದ ಮಾದರಿ, ಹಡಗಿನಲ್ಲಿ ಬಂದದ್ದು ಎಂದು ಸಾಧಿಸಿ ನಾಲ್ಕು ಪುಟದ ವರದಿ ಬರೆದೆ. ಅಡಿಟಿಪ್ಪಣಿ ಹದಿನೇಳು. ಮೇಡಂ ಎರಡು ಸಾಲು ಓದಿ, "ಭಾಷೆ ಚೆನ್ನಾಗಿದೆ" ಎಂದು ವಾಪಸು ಕೊಟ್ಟರು.

ಅವತ್ತು ಸಂಜೆ ನಾಲ್ಕೂ ಫೋಟೋಗಳನ್ನು ಒಂದೇ ಹಾಳೆಯಲ್ಲಿ ಚಿಕ್ಕದಾಗಿ ಅಚ್ಚು ಹಾಕಿಕೊಂಡು ಮನೆಗೆ ತಂದೆ. ಅತ್ತೆ ಮೆಷಿನ್ನಿನ ಮುಂದೆ ಕೂತು ಯಾರದೋ ಬ್ಯಾಗಿಗೆ ಜಿಪ್ಪು ಕೂರಿಸುತ್ತಿದ್ದರು. ಹಾಳೆ ಮೆಷಿನ್ನಿನ ಪಕ್ಕ ಇಟ್ಟು ನೀರು ಕುಡಿಯಲು ಹೋದೆ. ಬರುವಷ್ಟರಲ್ಲಿ ಅವರ ಕಾಲು ನಿಂತಿತ್ತು.

"ಇದು ನಿನಗೆಲ್ಲಿ ಸಿಕ್ತೋ?"

"ಆಫೀಸಲ್ಲಿ. ಹೊರದೇಶದ್ದು ಅತ್ತೆ. ಆ ದೀಪ ನೋಡಿ, ಅಂಥ ದೀಪ ನಮ್ಮ ಕಡೆ..."

"ಅದು ಬಸ್ಸಿನ ಒಳಗೆ ಚಾವಣಿಗೆ ಹಾಕೋ ದೀಪ ಕಣೋ ದಡ್ಡ. ನಮ್ಮ ಕಾರ್ಖಾನೆ ಸ್ಟೋರಲ್ಲಿ ಬುಟ್ಟಿಗಟ್ಲೆ ಬಿದ್ದಿರ್ತಿತ್ತು." ಬೆರಳು ಹಾಳೆಯ ಮೇಲೆ ಜಾರಿ ನಾಲ್ಕನೇ ಫೋಟೋದಲ್ಲಿ ನಿಂತಿತು. "ಇದು ಡಬ್ಬಿ. ನಮ್ಮ ಡಬ್ಬಿ. ನೋಡಿಲ್ಲಿ, ಈ ಸೀಟು ನಾನು ಹೊಲಿದದ್ದು."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ ಎಂಬ ಗಾದೆಯನ್ನು ನಾನು ಬಾಲ್ಯದಿಂದ ಕೇಳಿದ್ದೆ. ಕೂಸು ಹೊಲಿಗೆ ಮೆಷಿನ್ನಿನ ಹಿಂದೆ ಕನ್ನಡಕ ಹಾಕಿಕೊಂಡು ಕೂತಿರಬಹುದೆಂದು ಯಾರೂ ಹೇಳಿರಲಿಲ್ಲ.

ಡಬ್ಬಿಯ ಕತೆ ನನಗೆ ಬಾಯಿಪಾಠವಾಗಿತ್ತು, ಆದರೆ ನಗುವ ಕತೆಯೊಳಗಿನ ಗಾಡಿಗೆ ಫೋಟೋ ಇದ್ದೀತೆಂದು ಎಂದೂ ಅನ್ನಿಸಿರಲಿಲ್ಲ. ನಾಲ್ಕು ಜನ ನೆಂಟರು ಸೇರಿದರೆ ಸಾಕು, "ಅತ್ತೆ ಕಾರು ಓಡಿಸಿದ್ದು ಹೇಳಿ ಮಾವ" ಎಂದು ಯಾರಾದರೂ ಶುರು ಮಾಡುತ್ತಿದ್ದರು. ನಲವತ್ತೆರಡು ವರ್ಷದ ಹಿಂದೆ, ಬಸ್ಸಿನ ಕಾರ್ಖಾನೆಯಲ್ಲಿ, ಉಳಿದ ತಗಡು, ಸ್ಕೂಟರಿನ ಎಂಜಿನ್ನು ಸೇರಿಸಿ ಮಾವ ಒಂದು ಪುಟ್ಟ ಗಾಡಿ ಕಟ್ಟಿದರು. ಹೆಸರು ಇಡುವ ಮೊದಲೇ ಕೆಲಸದವರು ಡಬ್ಬಿ ಎಂದುಬಿಟ್ಟಿದ್ದರು. ಯಜಮಾನರು ಹೊರಗಿನ ದೊಡ್ಡ ಮನುಷ್ಯರನ್ನು ಕರೆಸಿ ತೋರಿಸುವ ದಿನ ಬಂತು. ಅವರು ಒಪ್ಪಿದರೆ ಸಾವಿರ ಡಬ್ಬಿ ಆಗುತ್ತಿದ್ದವು, ಮಾವ ಕಾರ್ಖಾನೆಗೇ ದೊಡ್ಡ ಎಂಜಿನಿಯರು ಆಗುತ್ತಿದ್ದರು. ಸೀಟಿನ ಬಟ್ಟೆ ಎಳೆದು ಸರಿಮಾಡಲು ಸೀಟು ವಿಭಾಗದ ಗಿಡ್ಡ ಹುಡುಗಿಯೊಬ್ಬಳು ಒಳಗೆ ಕೂತಿದ್ದಳು. ಯಜಮಾನರಿಗೆ ಏನು ಹುಮ್ಮಸ್ಸು ಬಂತೋ, "ಹೆಣ್ಣುಮಕ್ಕಳೂ ಓಡಿಸಬಹುದು ಅಂತ ಗೊತ್ತಾಗಲಿ, ಅವಳೇ ಓಡಿಸಲಿ" ಎಂದರು. ಮಾವ ಇಟ್ಟಿಗೆ ತೆಗೆದರು, ಮುಖದ ಬಾಗಿಲು ಮುಚ್ಚಿದರು. ಹುಡುಗಿ ಗಾಡಿ ಬಿಟ್ಟಳು. ಅಂಗಳ ಇಳಿಜಾರು. ಡಬ್ಬಿ ಸೀದಾ ಹೋಗಿ ಸ್ಟೋರಿನ ಜಗಲಿಯ ಎರಡು ಸಿಮೆಂಟು ಕಂಬಗಳ ನಡುವೆ ಬೆಣೆಯಂತೆ ಸಿಕ್ಕಿಕೊಂಡಿತು. ಮೂತಿ ಗೋಡೆಗೆ, ಹಿಂದಿನ ಗಾಲಿ ಚರಂಡಿಗೆ. ಬಾಗಿಲು ಮುಂದಿದೆ, ಮುಂದೆ ಗೋಡೆಯಿದೆ. ಸ್ಕೂಟರಿನ ಎಂಜಿನ್ನಿಗೆ ರಿವರ್ಸ್ ಇಲ್ಲ. ಕೊನೆಗೆ ತಗಡಿನ ಕತ್ತರಿಯಿಂದ ಗಾಡಿಯ ನೆತ್ತಿ ಕತ್ತರಿಸಿ ಅವಳನ್ನು ಹೊರಗೆಳೆದರು. ದೊಡ್ಡ ಮನುಷ್ಯರು ಅಷ್ಟರಲ್ಲಿ ಹೊರಟುಹೋಗಿದ್ದರು. ಡಬ್ಬಿ ಗುಜರಿಗೆ ಹೋಯಿತು.

"ಬ್ರೇಕು, ನಡುವಿನ ಪೆಡಲ್, ನಡುವಿನದು ಒತ್ತು ಅಂತ ಕೂಗ್ತಾ ಪಕ್ಕದಲ್ಲೇ ಓಡಿದೆ. ಇವಳು ಬಲಗಡೆದು ಒತ್ತಿದಳು!" ಎಂದು ಮಾವ ಮುಗಿಸುವಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹುಡುಗಿ ಆಗ ಹೇಳಿದ್ದು ಒಂದೇ ಮಾತಂತೆ: "ನಡುವಿನದು ನನ್ನ ಕಾಲಿಗೆ ಸಿಗಲಿಲ್ಲ." ಅದಕ್ಕೆ ಇಡೀ ಕಾರ್ಖಾನೆ "ಕುಣಿಯಲಾರದವಳಿಗೆ ನೆಲ ಡೊಂಕು" ಎಂದಿತು. ಕಾಲು ಗಿಡ್ಡ ಎಂದು ತೀರ್ಮಾನವಾಯಿತು. ಸೀಟು ವಿಭಾಗದ ಕೆಲಸ ಹೋಯಿತು. ಆರು ತಿಂಗಳಾದ ಮೇಲೆ ಮಾವ ಅವಳನ್ನೇ ಮದುವೆಯಾದರು. "ತನ್ನ ಬದುಕು ಹಾಳು ಮಾಡಿದವಳನ್ನೇ ಕಟ್ಟಿಕೊಂಡ ಪುಣ್ಯಾತ್ಮ" ಎಂದು ನಮ್ಮ ಮನೆತನದಲ್ಲಿ ಮಾವನಿಗೆ ಹೆಸರು. ಅತ್ತೆ ಎಲ್ಲರ ಜೊತೆ ಸೇರಿ ನಗುತ್ತಿದ್ದರು. ನಾನೂ ಈ ಕತೆ ಹೇಳಿದ್ದೇನೆ. ಕಾಲೇಜಿನಲ್ಲಿ, ಬಸ್ಸಿನಲ್ಲಿ, ಒಮ್ಮೆ ಒಬ್ಬ ಹುಡುಗಿಯನ್ನು ನಗಿಸಲು ಕೂಡ. ಆ ಹುಡುಗಿ ನಗಲಿಲ್ಲ. "ಪಾಪ ಎಷ್ಟು ಹೊತ್ತು ಒಳಗಿದ್ರು?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ.

ಈಗ ಹಾಳೆ ಹಿಡಿದು ಅತ್ತೆ ಸೀಟನ್ನೇ ನೋಡುತ್ತಿದ್ದರು. "ರೆಕ್ಸಿನ್ ಸಾಲಲಿಲ್ಲ ಅಂತ ಎಡಗಡೆ ಅಂಚಿನ ಪೈಪಿಂಗನ್ನ ಒಳಮುಖ ಮಡಚಿ ಹೊಲಿದೆ. ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡಿದ್ದೆ. ಫೋಟೋದಲ್ಲಿ ಬಿದ್ದುಬಿಟ್ಟಿದೆ ನೋಡು. ಅವತ್ತು ಬೆಳಿಗ್ಗೆ ಒಂಬತ್ತಕ್ಕೆ ಕೂರಿಸಿದ್ದು. ಹನ್ನೊಂದಕ್ಕೆ ಕತೆ ಮುಗೀತು. ಎರಡು ಗಂಟೆ ಬಾಳಿದ ಸೀಟು!" ಎಂದು ನಕ್ಕರು. ಆಮೇಲೆ, "ಇದನ್ನ ದೊಡ್ಡದು ಮಾಡಿಸ್ಕೊಂಡು ಬಾರೋ. ಸರಿಯಾಗಿ ನೋಡ್ಬೇಕು" ಎಂದರು.

ಮಾವ ಪಕ್ಕದ ಕೋಣೆಯಿಂದ ಎದ್ದು ಬಂದು ಹಾಳೆ ತೆಗೆದುಕೊಂಡರು. ಒಂದು ಗಳಿಗೆ ನೋಡಿ, "ಯಾವುದೋ ಗಾಡಿ. ನಂದಲ್ಲ" ಎಂದು ವಾಪಸು ಇಟ್ಟರು.

"ಅಯ್ಯೋ, ಹೆತ್ತ ಮಗುನ ಗುರುತು ಸಿಗಲ್ವೇನ್ರೀ?" ಎಂದರು ಅತ್ತೆ.

"ವಿನ್ಯಾಸ ಮಾಡಿದವರ ಹೆಸರನ್ನ ಗೋಡೆ ಮೇಲೆ ದೊಡ್ಡ ಅಕ್ಷರದಲ್ಲಿ ಹಾಕ್ತಾರೆ ಮಾವ" ಎಂದೆ. "ತೆರೆಯೋ ದಿನ ಮುಂದಿನ ಸಾಲಿನ ಕುರ್ಚಿ."

ಮಾವ ಕನ್ನಡಕ ಒರೆಸಿಕೊಂಡರು. ಮತ್ತೆ ಹಾಳೆ ಎತ್ತಿಕೊಂಡರು. ಮಾರನೆಯ ದಿನ ನಾನು ನಮೂನೆ ತಂದಾಗ ಅದನ್ನು ತಮ್ಮ ನಕ್ಷೆಯ ಅಕ್ಷರದಲ್ಲಿ, ಒಂದೊಂದು ಗೆರೆಯೂ ಅಳತೆಗೋಲಿಟ್ಟು ಎಳೆದಂತೆ ತುಂಬಿಕೊಟ್ಟರು. ಉದ್ದ, ಅಗಲ, ತೂಕ, ತಗಡಿನ ದಪ್ಪ, ಎಲ್ಲ ನೆನಪಿನಿಂದ. ಕೊನೆಯ ಕಲಮಿನಲ್ಲಿ: "ಚಾಲಕಿ ತಪ್ಪು ಪೆಡಲ್ ಒತ್ತಿದ್ದರಿಂದ ನಾಶವಾಯಿತು." ಕೊಡುವಾಗ ದನಿ ತಗ್ಗಿಸಿ, "ಮೂರು ಫೋಟೋ ಸಾಕು ಕಣೋ. ನಾಲ್ಕನೇದು ಮಸುಕಾಗಿದೆ" ಎಂದರು.

ನಾಲ್ಕನೆಯದೇ ಎಲ್ಲಕ್ಕಿಂತ ಸ್ಪಷ್ಟವಾಗಿತ್ತು. ಹೆಚ್ಚು ಬುದ್ಧಿವಂತರಾಗಿದ್ದರೆ ಆಗಲೇ ಅನುಮಾನ ಪಡುತ್ತಿದ್ದರು. ನಾನು ಪಟ್ಟದ್ದು ಮಾರನೆಯ ದಿನ, ಅದೂ ಅತ್ತೆಗಾಗಿ ಅದನ್ನು ದೊಡ್ಡದು ಮಾಡುವಾಗ. ಮುಚ್ಚಳ ಎತ್ತಿ, ಬಾಗಿಲಿಗೆ ಬೆನ್ನು ಒತ್ತಿ ನಿಂತು, ಪರದೆಯ ಮೇಲೆ ಸೀಟಿನಿಂದ ಕೆಳಗೆ ಇಳಿದೆ. ಸೀಟಿನ ಮುಂದೆ ನೆಲದ ತಗಡು. ಎಡಗಡೆ ಒಂದು ಪೆಡಲ್, ಕ್ಲಚ್ಚು. ಬಲಗಡೆ ಒಂದು, ಆಕ್ಸಿಲರೇಟರು. ನಡುವೆ, ಬ್ರೇಕು ಇರಬೇಕಾದಲ್ಲಿ, ಒಂದು ಸೀಳು, ಅದರಿಂದ ಹೆಬ್ಬೆರಳಿನಷ್ಟು ಉದ್ದದ ಕಬ್ಬಿಣದ ಮೋಟು. ಅದರ ಮೇಲೆ ಏನೂ ಇಲ್ಲ.

ಎಷ್ಟು ಸಲ ಎಣಿಸಿದರೂ ಎರಡೇ.

ಸೀಟು ಕೂತದ್ದು ಒಂಬತ್ತಕ್ಕೆ. ಗಾಡಿ ಗೋಡೆಗೆ ಹೋದದ್ದು ಹನ್ನೊಂದಕ್ಕೆ. ಫೋಟೋದಲ್ಲಿ ಸೀಟಿದೆ, ನಡುವಿನ ಪೆಡಲ್ ಇಲ್ಲ. ಹದಿನೇಳು ಅಡಿಟಿಪ್ಪಣಿಗಳ ಪಂಡಿತನಿಗೂ ಇಷ್ಟು ಲೆಕ್ಕ ಬರುತ್ತದೆ. ಅತ್ತೆಯ ಕಾಲು ಗಿಡ್ಡವಾಗಿರಲಿಲ್ಲ. ದಿನಕ್ಕೆ ಎಂಟು ಗಂಟೆ ಹೊಲಿಗೆ ಮೆಷಿನ್ನಿನ ಪೆಡಲ್ ತುಳಿಯುವ ಕಾಲಿಗೆ ಪೆಡಲ್ ಸಿಗಲಿಲ್ಲ ಎಂದರೆ ಅಲ್ಲಿ ಪೆಡಲ್ ಇರಲಿಲ್ಲ ಎಂದು ನಲವತ್ತೆರಡು ವರ್ಷದಲ್ಲಿ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಆಮೇಲೆ ನಾನು ಏನು ಮಾಡಿದೆ ಎಂದರೆ, ಏನೂ ಮಾಡಲಿಲ್ಲ. ದೊಡ್ಡ ಪ್ರತಿಯನ್ನು ಅಟ್ಟದ ಹಾಸಿಗೆಯ ಕೆಳಗೆ ಇಟ್ಟೆ. ಸೋಮವಾರ ನಮೂನೆ ಒಪ್ಪಿಸಬೇಕಿತ್ತು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡು ನಾಲ್ಕು ದಿನ ಕಳೆದೆ. ಹೇಳಿದರೆ ಮಾವನ ಮನೆ ಬಿಡಬೇಕು, ಹೇಳದಿದ್ದರೆ ಅತ್ತೆಯ ಮುಖ ನೋಡಲಾಗದು, ಇಬ್ಬರೂ ಒಂದೇ ಸೂರಿನಡಿ. ಒಮ್ಮೆ ಧೈರ್ಯ ಮಾಡಿ ಮಾವನ ಕುರ್ಚಿಯ ಬಳಿ ಹೋಗಿ ಕೆಮ್ಮಿದೆ.

"ಮಾವ, ಆ ನಡುವಿನ ಪೆಡಲ್..."

ಅವರು ಪತ್ರಿಕೆಯಿಂದ ಕಣ್ಣೆತ್ತಲಿಲ್ಲ. "ಅಟ್ಟದಲ್ಲಿ ಸೆಖೆ ಆಗ್ತಿದೆಯೇನೋ?"

"ಇಲ್ಲ ಮಾವ."

"ಆಗ್ತಿದ್ರೆ ಹೇಳು. ಬೇರೆ ಕಡೆ ಕೋಣೆ ನೋಡ್ಕೊಬಹುದು. ವಯಸ್ಸಿನ ಹುಡುಗ, ಎಷ್ಟು ದಿನ ಅಂತ ತೆವಳ್ತೀಯ?"

"ತಂಪಾಗೇ ಇದೆ ಮಾವ" ಎಂದು ಬೆವರುತ್ತ ಅಟ್ಟ ಹತ್ತಿದೆ.

ಅತ್ತೆ ಮಾತ್ರ ದಿನಾ ಕೇಳುತ್ತಿದ್ದರು. "ನನ್ನ ಸೀಟಿನ ಫೋಟೋ ಎಲ್ಲೋ?" ಎಂದು ಬೆಳಿಗ್ಗೆ. "ಮರೆತ್ಯಾ?" ಎಂದು ಸಂಜೆ. ಶನಿವಾರ ಕೇಳಿದ ರೀತಿ ಬೇರೆಯಿತ್ತು. "ನಾನು ಮಾಡಿದ ಕೆಲಸಗಳಲ್ಲಿ ಅದೊಂದೇ ಕಣೋ ಫೋಟೋದಲ್ಲಿರೋದು. ನನ್ನ ಮದುವೆ ಫೋಟೋನೂ ತೆಗೆಸ್ಲಿಲ್ಲ. ನೋಡಿ ನಗೋಕೆ ಇನ್ನೂ ಜನ ಬೇಕಾ ಅಂದ್ರು ನಿಮ್ಮ ಮಾವ." ಇಷ್ಟು ಹೇಳಿ ಮತ್ತೆ ಜಿಪ್ಪಿಗೆ ಬಗ್ಗಿದರು.

ಭಾನುವಾರ ಮಧ್ಯಾಹ್ನ ಅಟ್ಟದಿಂದ ಇಳಿದು ಪ್ರತಿಯನ್ನು ಮೆಷಿನ್ನಿನ ಮೇಲೆ ಇಟ್ಟೆ. ಏನೂ ಹೇಳಲಿಲ್ಲ. ಧೈರ್ಯವಂತನಾಗಿದ್ದರೆ ಹೇಳುತ್ತಿದ್ದೆ. ನಾನು ಫೋಟೋ ಇಟ್ಟು, ಉಗುರು ನೋಡಿಕೊಳ್ಳುತ್ತ ಬಾಗಿಲ ಬಳಿ ನಿಂತೆ.

ಅತ್ತೆ ಮೊದಲು ಸೀಟು ನೋಡಿದರು. ಹೊಲಿಗೆಗಳನ್ನು ಬೆರಳ ತುದಿಯಿಂದ ಎಣಿಸಿದರು. "ಸೊಟ್ಟ ಆಗಿಲ್ಲ ನೋಡು. ಅಷ್ಟು ಅವಸರದಲ್ಲೂ ಸೊಟ್ಟ ಆಗಿಲ್ಲ." ಬೆರಳು ಸೀಟಿನ ಅಂಚು ದಾಟಿ ಕೆಳಗಿಳಿಯಿತು. ನೆಲದ ತಗಡಿನ ಮೇಲೆ ನಿಂತಿತು. ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ನಡುವೆ ಬಂತು. ಅಲ್ಲಿಂದ ಅಲುಗಲಿಲ್ಲ. ಮೆಷಿನ್ನಿನ ಕೆಳಗೆ ಅವರ ಬಲಗಾಲು ತನ್ನಷ್ಟಕ್ಕೆ ಮುಂದೆ ಚಾಚಿ ಏನನ್ನೋ ಹುಡುಕಿದ್ದನ್ನು ನಾನು ನೋಡಿದೆ.

"ರೀ" ಎಂದು ಕರೆದರು. "ಸ್ವಲ್ಪ ಇಲ್ಲಿ ಬನ್ನಿ."

ಮಾವ ಬಂದರು. ಫೋಟೋ ನೋಡಿದರು, ಆಮೇಲೆ ನನ್ನನ್ನು. ನಾನು ಉಗುರು ನೋಡಿದೆ.

"ನಡುವಿನದು ಎಲ್ಲಿ?" ಎಂದರು ಅತ್ತೆ.

ಮಾವ ಮೇಜಿನ ಅಂಚು ಹಿಡಿದುಕೊಂಡರು. ಏನಾದರೊಂದು ಕತೆ ಕಟ್ಟುತ್ತಾರೆ ಎಂದುಕೊಂಡೆ. ಅವರು ನಿನ್ನೆಯ ಸಂಗತಿ ಹೇಳುವಂತೆ, "ಪಾಲಿಶಿಗೆ ಕೊಟ್ಟಿದ್ದೆ" ಎಂದರು.

"ಪಾಲಿಶಿಗೆ."

"ಬಾಗಿಲು ತೆಗೆದ ತಕ್ಷಣ ಕಣ್ಣಿಗೆ ಬೀಳೋದು ಅದೇ ಅಲ್ವಾ. ತುಕ್ಕು ಹಿಡಿದಿತ್ತು. ಬೆಳ್ಳಿ ಥರ ಹೊಳೆಯೋ ಹಂಗೆ ಮಾಡಿ ಕೊಡ್ತೀನಿ, ಬೆಳಿಗ್ಗೆ ಎಂಟಕ್ಕೆ ಬಾ ಅಂದಿದ್ದ ಪಾಲಿಶಿನವನು."

"ಬಂತಾ?"

"ಮಾರನೇ ದಿನ ಬಂತು."

ಬೀದಿಯಲ್ಲಿ ಯಾರದೋ ಗಾಡಿ ಸ್ಟಾರ್ಟ್ ಆಗದೆ ಕೆಮ್ಮುತ್ತಿತ್ತು.

"ಓಡಿಸೋದು ಅಂತ ಇರಲಿಲ್ಲ" ಎಂದರು ಮಾವ. "ನಿಲ್ಲಿಸಿ ತೋರಿಸೋದು, ಅಷ್ಟೇ. ಇಟ್ಟಿಗೆ ಸಾಕಿತ್ತು. ಯಜಮಾನರು ಆ ಜನರ ಮುಂದೆ ಓಡಿಸಲಿ ಅಂದಾಗ ಬ್ರೇಕೇ ಇಲ್ಲ ಅಂತ ಹೇಗೆ ಹೇಳ್ಲಿ? ತಿಂಗಳಿಂದ ಅಂಗಳದಲ್ಲಿ ತಳ್ಳಿ, ಕೈಯಲ್ಲೇ ಹಿಡಿದು ನಿಲ್ಲಿಸ್ತಿದ್ವಿ. ಪಕ್ಕದಲ್ಲಿ ಓಡಿ ಹಿಡ್ಕೊಳ್ಳೋಣ ಅಂದ್ಕೊಂಡೆ. ಓಡಿದೆ. ಸಿಗಲಿಲ್ಲ."

"ಮತ್ತೆ ನಡುವಿನದು ಒತ್ತು ಅಂತ ಯಾಕೆ ಕೂಗಿದ್ರಿ?"

"ಬಾಯಿಗೆ ಬಂತು." ಮಾವ ಕನ್ನಡಕ ತೆಗೆದರು. "ಆಮೇಲೆ ಎಲ್ಲರೂ ಕೇಳಿಸ್ಕೊಂಡಿದ್ರು. ನೀನು ಸಿಗಲಿಲ್ಲ ಅಂದೆ. ಯಾರೋ ಕಾಲು ಗಿಡ್ಡ ಅಂದ್ರು. ಹಾಗೇ ಆಗಿಹೋಯ್ತು. ಅದಕ್ಕೇ ಅಲ್ವೇನೆ ನಿನ್ನನ್ನ..."

"ಅದಕ್ಕೇ ಮದುವೆ ಆದ್ರಿ. ಗೊತ್ತಾಯ್ತು ಈಗ." ಅತ್ತೆಯ ದನಿ ಏರಲಿಲ್ಲ. "ನಾನು ಏನೇನೋ ಅಂದ್ಕೊಂಡಿದ್ದೆ. ರಾತ್ರಿ ಮಲಗಿದಾಗ ಕಾಲು ಅಳೆದು ನೋಡ್ಕೊಂಡಿದ್ದೀನಿ ರೀ. ಗೇಣಿನಲ್ಲಿ."

ನನ್ನ ಕಡೆ ತಿರುಗಿ ಕೈ ಚಾಚಿದರು. "ಆ ಕಾಗದ ಕೊಡೋ."

ನಮೂನೆ ಕೊಟ್ಟೆ. ಕನ್ನಡಕ ಮೂಗಿನ ತುದಿಗೆ ತಂದು ಕೊನೆಯ ಕಲಮು ಓದಿದರು. ಮಾವನ ಮುಂದೆ ಇಟ್ಟು, ಬಟ್ಟೆಗೆ ಗುರುತು ಹಾಕುವ ಡಬ್ಬದಿಂದ ಪೆನ್ನು ಹುಡುಕಿ ಕೊಟ್ಟರು. "ಇದನ್ನ ಹೊಡೆದು ಹಾಕಿ."

"ಶಾಯಿಯಲ್ಲಿ ಬರೆದಿದ್ದೀನಿ. ಚಿತ್ತಾಗತ್ತೆ."

"ಆಗಲಿ."

"ನನ್ನ ಹೆಸರಿನ ಕೆಳಗೇ ಬರತ್ತೆ ಕಣೇ ಇದು. ಗೋಡೆ ಮೇಲೆ. ಓದಿದ ಜನ ಏನಂತಾರೆ?"

"ನಲವತ್ತೆರಡು ವರ್ಷ ನನಗೆ ಏನಂದ್ರೋ ಅದನ್ನೇ ಅಂತಾರೆ. ಅಭ್ಯಾಸ ಆಗತ್ತೆ."

ಮಾವ ಕಾಗದವನ್ನು ಹಿಂದಕ್ಕೆ ತಳ್ಳಿದರು. "ಹಾಗಾದ್ರೆ ನನಗೆ ಗೋಡೇನೂ ಬೇಡ, ಹೆಸರೂ ಬೇಡ. ಹರಿದು ಹಾಕು."

"ಹರಿದ್ರೆ ಇವನು ಇನ್ನೊಂದು ತರ್ತಾನೆ. ಅಲ್ವೇನೋ?" ಅತ್ತೆ ನನ್ನನ್ನು ನೋಡಿದರು. ಮಾವನೂ ನೋಡಿದರು. ಅಡಕತ್ತರಿಯ ನಡುವೆ ಸಿಕ್ಕ ಅಡಿಕೆಗೆ ಎರಡೂ ಕಡೆಯ ಅಲಗು ಚೆನ್ನಾಗಿ ಕಾಣುತ್ತದೆ. ಅಟ್ಟ, ಹಾಸಿಗೆ, ಎರಡು ವರ್ಷದ ಊಟ, ಎಲ್ಲ ಒಂದು ಸುತ್ತು ತಲೆಯಲ್ಲಿ ಓಡಿತು.

"ತರ್ತೀನಿ ಅತ್ತೆ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಅವರಿಗೆ ಕೇಳಿಸಿತು.

"ಕೈಯಿಟ್ಟು ಕೆಲಸ ಮಾಡಿದವರು ಯಾರಾದ್ರೂ ಸಹಿ ಮಾಡಬಹುದು ತಾನೇ? ನೀವು ಮಾಡದಿದ್ರೆ ನಾನು ಮಾಡ್ತೀನಿ. ಆಮೇಲೆ ನಿಮ್ಮ ಹೆಸರು ಬರೀಬೇಕೋ ಬೇಡವೋ ಅನ್ನೋದು ನನ್ನ ಇಷ್ಟ."

ಮಾವ ತುಂಬ ಹೊತ್ತು ಪೆನ್ನು ಹಿಡಿದು ಕೂತರು. ಅವರ ನಕ್ಷೆಗಳಲ್ಲಿ ಒಂದು ಚಿತ್ತೂ ಇರುತ್ತಿರಲಿಲ್ಲ ಎಂದು ಹಳಬರು ಹೇಳುತ್ತಾರೆ. ಕೊನೆಗೆ ಆ ಸಾಲಿನ ಮೇಲೆ ಒಂದು ಗೆರೆ ಎಳೆದರು. ಅದೂ ನೇರವಾಗಿಯೇ ಬಂತು. ಕೆಳಗೆ ಬರೆದರು: "ಬ್ರೇಕ್ ಪೆಡಲ್ ಜೋಡಿಸಿರಲಿಲ್ಲ. ಗಾಡಿ ಇಳಿಜಾರಿನಲ್ಲಿ ಹೋಗಿ ಕಂಬಗಳ ನಡುವೆ ಸಿಕ್ಕಿಕೊಂಡಿತು. ಚಾಲಕಿ ಒಂದು ಗಂಟೆ ಒಳಗಿದ್ದರು."

ಅತ್ತೆ ಓದಿದರು. "ಒಂದಲ್ಲ."

"ಮತ್ತೆ?"

"ಎರಡೂ ಮುಕ್ಕಾಲು. ಆ ಸಣ್ಣ ಕಿಟಕಿಯಿಂದ ಆಫೀಸಿನ ಗಡಿಯಾರ ಕಾಣ್ತಿತ್ತು. ಅದೊಂದೇ ಕಾಣ್ತಿದ್ದದ್ದು. ನೀವೆಲ್ಲ ಮೊದಲು ಆ ದೊಡ್ಡ ಮನುಷ್ಯರನ್ನ ಕಳಿಸಿ ಬರೋಕೆ ಗೇಟಿಗೆ ಹೋದ್ರಿ."

ಮಾವ "ಒಂದು" ಎಂಬುದನ್ನು ಹೊಡೆದು "ಎರಡೂ ಮುಕ್ಕಾಲು" ಎಂದು ಬರೆದರು. ಈ ಗೆರೆ ಮಾತ್ರ ಸೊಟ್ಟಗೆ ಬಂತು.

ಅವತ್ತು ಸಂಜೆ ಅಡುಗೆಮನೆಯಲ್ಲಿ ಅತ್ತೆ ಒಬ್ಬರೇ ಇದ್ದಾಗ, ಅಟ್ಟದಿಂದ ತಲೆ ಕೆಳಗೆ ಹಾಕಿ, "ಅತ್ತೆ, ನಮ್ಮಪ್ಪನ ಮನೆಗೆ ಸ್ವಲ್ಪ ದಿನ ಹೋಗಿದ್ದು ಬರ್ತೀರಾ?" ಎಂದು ಕೇಳಿದೆ.

"ಮೆಷಿನ್ ಯಾರು ಹೊತ್ಕೊಂಡು ಬರ್ತಾರೆ, ನೀನಾ?" ಎಂದರು. ಪಾತ್ರೆ ತೊಳೆಯುವುದು ಮುಂದುವರಿಯಿತು. ಸ್ವಲ್ಪ ಹೊತ್ತಿನ ಮೇಲೆ, ನನಗೋ ನಲ್ಲಿಗೋ ಎಂಬಂತೆ, "ಈ ವಯಸ್ಸಲ್ಲಿ ಎಲ್ಲಿಗೆ ಅಂತ ಹೋಗೋದು. ಗೊತ್ತಾಯ್ತಲ್ಲ, ಅಷ್ಟು ಸಾಕು. ಸಾಕಾ ಅಂತ ಕೇಳಬೇಡ" ಎಂದರು. ಅತ್ತ ಮಾವನ ಕುರ್ಚಿ, ಇತ್ತ ಅತ್ತೆಯ ಮೆಷಿನ್ನು, ನಡುವೆ ಒಂದು ಗೋಡೆ. ಆಮೇಲಿನ ಮೂರು ತಿಂಗಳು ಇಬ್ಬರೂ ಅಗತ್ಯವಿದ್ದಷ್ಟೇ ಮಾತಾಡಿದರು: ನೀರು ಬಂತು, ಹಾಲು ಬಂತು, ಬಾಗಿಲು ಹಾಕಿ. ಮಾವ ನನ್ನನ್ನು ಅಟ್ಟ ಖಾಲಿ ಮಾಡು ಎನ್ನಲಿಲ್ಲ. ನನ್ನ ಜೊತೆ ಮಾತೇ ಆಡಲಿಲ್ಲವಾದ್ದರಿಂದ ಅದನ್ನು ಹೇಳಲು ಅವರಿಗೆ ದಾರಿಯೂ ಇರಲಿಲ್ಲ.

ಮೇಡಂ ಚಿತ್ತಾದ ನಮೂನೆಯನ್ನು ಎರಡು ಸಲ ಓದಿದರು. "ಇಂಥದ್ದನ್ನ ಯಾರೂ ತಾವಾಗೇ ಬರ್ಕೊಡಲ್ಲ" ಎಂದರು. "ಆ ಚಾಲಕಿ ಯಾರು?"

"ಸೀಟು ಹೊಲಿದವರು ಮೇಡಂ. ನಮ್ಮತ್ತೆ."

"ಹೆಸರು ಹಾಕಿ. ವಿನ್ಯಾಸದವರ ಪಕ್ಕದಲ್ಲೇ, ಅದೇ ಗಾತ್ರದಲ್ಲಿ." ನಾಲ್ಕನೇ ಫೋಟೋ ಗೋಡೆಯ ಮಧ್ಯಕ್ಕೆ ಹೋಯಿತು, ಆಳೆತ್ತರಕ್ಕೆ. ಎರಡು ಪೆಡಲ್, ನಡುವೆ ಮೋಟು. ಯಾರು ಬೇಕಾದರೂ ಎಣಿಸಿಕೊಳ್ಳಬಹುದು. ನನ್ನ ಕೆಲಸ ಇನ್ನೊಂದು ವರ್ಷ ಮುಂದುವರಿಯಿತು, ಅದೇ ಮೆಟ್ಟಿಲ ಕೆಳಗೆ.

ತೆರೆಯುವ ದಿನ ಬೆಳಿಗ್ಗೆ ಅತ್ತೆ ಹತ್ತು ಗಂಟೆಗೇ ಸಿದ್ಧರಾಗಿ ಬಾಗಿಲಲ್ಲಿ ನಿಂತಿದ್ದರು. ಮಾವ ಬನಿಯನ್ನಿನಲ್ಲೇ ಕುರ್ಚಿಯಲ್ಲಿದ್ದರು.

"ಮಂಡಿ ನೋವು. ನೀವು ಹೋಗಿ ಬನ್ನಿ."

"ಏಳಿ" ಎಂದರು ಅತ್ತೆ.

"ನಾನು ಬಂದು ಏನಾಗಬೇಕು? ಎಲ್ಲ ಗೋಡೆ ಮೇಲೆ ಬರೆದಿದೆಯಲ್ಲ."

"ಓದಿದವರು ಬಂದು ಕೇಳ್ತಾರೆ. ಹೇಳೋಕೆ ಯಾರಾದ್ರೂ ಬೇಕಲ್ಲ."

"ನೀನೇ ಹೇಳು."

"ನಾನು ಅವತ್ತೇ ಹೇಳಿ ಆಯ್ತು. ಇವತ್ತು ನೀವು ಹೇಳಿ, ನಾನು ಪಕ್ಕದಲ್ಲಿ ನಿಂತಿರ್ತೀನಿ." ಒಳಗೆ ಹೋಗಿ ಇಸ್ತ್ರಿ ಮಾಡಿದ ಅಂಗಿ ತಂದು ಅವರ ತೊಡೆಯ ಮೇಲೆ ಇಟ್ಟರು. ಕುರ್ಚಿಗೂ ಬಾಗಿಲಿಗೂ ನಡುವೆ ಇದ್ದದ್ದು ಅತ್ತೆ ಒಬ್ಬರೇ. ನಾಲ್ಕೂವರೆ ಅಡಿ. ಮಾವ ಆ ಕಡೆ ಈ ಕಡೆ ನೋಡಿ, ಅಂಗಿ ತೊಟ್ಟರು.

ಬೂಟಿನ ದಾರ ಕಟ್ಟಲು ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ. ನಾನು ಬಗ್ಗಿ ಇನ್ನೊಂದು ಬೂಟಿನ ದಾರ ಕಟ್ಟಿದೆ. ಮೂರು ತಿಂಗಳಲ್ಲಿ ಮೊದಲ ಸಲ ಅವರು ನನ್ನ ಜೊತೆ ಮಾತಾಡಿದರು.

"ತುಂಬ ಜನ ಬರ್ತಾರೇನೋ?"

"ಬರ್ತಾರೆ ಮಾವ" ಎಂದೆ. "ನಮ್ಮ ಕಡೆಯವರನ್ನೆಲ್ಲ ಅತ್ತೇನೇ ಕರೆದಿದ್ದಾರೆ."